ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಮುದ್ದೆ, ಸುಸ್ತು, ಬೀಗರೂಟ: ತಿಳಿದವರು ದಯವಿಟ್ಟು ತಿಳಿಸಿ

ಮಂಡ್ಯದ ಲೆಕ್ಕಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ತಾಲ್ಲೂಕಿನವನು, ವಯಸ್ಸು ನಲವತ್ತನಾಲ್ಕು. ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಕ್ಕರೆ ಕಾಯಿಲೆ ಮತ್ತು ಬಿಪಿ ಎರಡೂ ಇದ್ದು, ತೂಕ 128 ಕೆ.ಜಿ. ಮುಟ್ಟಿದಾಗ ವೈದ್ಯರ ಸಲಹೆಯಂತೆ ಮೈಸೂರಿನಲ್ಲಿ ಸ್ಲೀವ್ ಶಸ್ತ್ರಚಿಕಿತ್ಸೆ (ಜಠರವನ್ನು ಕಿರಿದಾಗಿಸುವುದು) ಮಾಡಿಸಿಕೊಂಡೆ. ಈಗ ಮೂರು ತಿಂಗಳು ಕಳೆದಿದೆ. ತೂಕ 106ಕ್ಕೆ ಇಳಿದಿದೆ, ಗಾಯಗಳು ಮಾಗಿವೆ, ಕೆಲಸಕ್ಕೂ ಹೋಗುತ್ತಿದ್ದೇನೆ. ಆದ್ದರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ಸರಿಯೋ ತಪ್ಪೋ ಎಂಬ ಚರ್ಚೆ ನನಗೆ ಬೇಕಿಲ್ಲ. ಮನೆಯ ಊಟ, ಮನೆಯ ಜನ, ದಿನದ ದುಡಿಮೆ ಇವುಗಳ ನಡುವೆ ಹೇಗೆ ಹೊಂದಿಕೊಂಡು ಹೋಗುವುದು ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲನೆಯದು ಮುದ್ದೆಯ ವಿಚಾರ. ಆಸ್ಪತ್ರೆಯಲ್ಲಿ ಕೊಟ್ಟ ಪಥ್ಯದ ಪಟ್ಟಿಯಲ್ಲಿ ಓಟ್ಸ್, ಸೂಪು, ಬ್ರೊಕೊಲಿ ಎಲ್ಲವೂ ಇವೆ, ಆದರೆ ಮುದ್ದೆಯ ಹೆಸರು ಎಲ್ಲಿಯೂ ಇಲ್ಲ. ತಿನ್ನಬಹುದೆಂದೂ ಬರೆದಿಲ್ಲ, ಬಾರದೆಂದೂ ಬರೆದಿಲ್ಲ. ಗಟ್ಟಿ ಆಹಾರ ಆರಂಭಿಸಬಹುದೆಂದು ಹೇಳಿದ ಮೇಲೆ, ಉಪ್ಪುಸಾರಿನೊಂದಿಗೆ ಕಾಲು ಭಾಗ ಮುದ್ದೆ ತೆಗೆದುಕೊಂಡೆ. ಎರಡನೆಯ ತುತ್ತಿಗೇ ಎದೆಯ ನಡುವೆ ಏನೋ ನಿಂತಂತಾಗಿ, ಬಾಯಿ ತುಂಬ ನೊರೆ ನೊರೆಯಾಗಿ ಜೊಲ್ಲು ಬಂದು, ಕೊನೆಗೆ ಎಲ್ಲವೂ ವಾಂತಿಯಾಯಿತು. ಆ ಬಳಿಕವೂ ಅಮ್ಮನ ಒತ್ತಾಯಕ್ಕೆ ಕೆಲವು ಸಲ ತಿಂದು ನೋಡಿದ್ದೇನೆ. ಬಹುತೇಕ ಇದೇ ಕಥೆ. ‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ’ ಎಂದು ನಂಬಿ ಬಾಳಿದ ಅಮ್ಮನಿಗೆ, ಮಗ ಹಿಟ್ಟು ಬಿಟ್ಟದ್ದರಿಂದಲೇ ಸೊರಗುತ್ತಿದ್ದಾನೆ ಎಂಬ ಚಿಂತೆ.

ಎರಡನೆಯದು ಸುಸ್ತು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಕೈಕಾಲು ಸೋತುಹೋಗುತ್ತವೆ, ಕುರ್ಚಿಯಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಇತ್ತೀಚೆಗೆ ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ನಮ್ಮೂರಿನ ಕ್ಲಿನಿಕ್ಕಿನಲ್ಲಿ ಒಂದು ಬಾಟಲ್ ಗ್ಲೂಕೋಸ್ ಹಾಕಿಸಿಕೊಂಡರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದಾರೆ.

ಮೂರನೆಯದಕ್ಕೆ ನಗಬೇಡಿ. ಮುಂದಿನ ತಿಂಗಳು ಅಕ್ಕನ ಮಗಳ ಮದುವೆ, ಅದರ ಬೆನ್ನಿಗೇ ಬೀಗರೂಟ. ಸೋದರಮಾವನಾದ ನಾನು ಬೀಗರ ಪಕ್ಕದಲ್ಲೇ ಎಲೆಯ ಮುಂದೆ ಕೂರಬೇಕು. ಶಸ್ತ್ರಚಿಕಿತ್ಸೆಯ ವಿಷಯ ಮನೆಯವರ ಹೊರತು ಯಾರಿಗೂ ತಿಳಿದಿಲ್ಲ. ಎರಡು ತುತ್ತಿಗೆ ಕೈ ತೊಳೆದರೆ, ಊಟ ಹಿಡಿಸಲಿಲ್ಲವೆಂದು ಬೀಗರು ತಪ್ಪು ತಿಳಿಯುತ್ತಾರೆ. ಇಂಥ ಸಂದರ್ಭವನ್ನು ನೀವು ಹೇಗೆ ನಿಭಾಯಿಸಿದಿರಿ?

ಕುಕ್ಕರಹಳ್ಳಿ ನಡಿಗೆ

ನಮಸ್ಕಾರ ತಮ್ಮ. ನನಗೆ ಆಗಿರುವುದು ಹೊಟ್ಟೆಯ ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುವುದು), ಅದೂ ಕೆಲವು ವರ್ಷಗಳ ಹಿಂದೆ. ಈಗ ಮೈಸೂರಿನಲ್ಲಿದ್ದರೂ ತವರು ನಾಗಮಂಗಲದ ಕಡೆ, ಆದ್ದರಿಂದ ಮುದ್ದೆಯ ಸಂಕಟ ಏನೆಂದು ನನಗೆ ಗೊತ್ತು. ಪಥ್ಯದ ಪಟ್ಟಿ ಬರೆಯುವವರಿಗೆ ಅದು ಗೊತ್ತಿರುವುದಿಲ್ಲ ಎಂಬುದೂ ಗೊತ್ತು.

ತೊಂದರೆ ಇರುವುದು ರಾಗಿಯಲ್ಲಲ್ಲ, ನಾವು ಮುದ್ದೆ ಉಣ್ಣುವ ಕ್ರಮದಲ್ಲಿ. ಮುದ್ದೆಯನ್ನು ಅಗಿಯಬಾರದು, ಮುರಿದು ಸಾರಿನಲ್ಲಿ ಹೊರಳಿಸಿ ನುಂಗಬೇಕು ಎಂದು ನಮಗೆ ಹಾಲುಹಲ್ಲಿನ ಕಾಲದಿಂದಲೇ ಕಲಿಸಿದ್ದಾರೆ. ಅಗಿದರೆ ಹಲ್ಲಿಗೆ ಅಂಟುತ್ತದೆ, ರುಚಿಯೂ ಇರುವುದಿಲ್ಲ. ಆದರೆ ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದುಹಾಕಿ, ಒಂದು ಕಿರಿದಾದ ಕೊಳವೆಯನ್ನಷ್ಟೇ ಉಳಿಸಿರುತ್ತಾರೆ. ಊಟ ಬಂದಂತೆಲ್ಲ ಹಿಗ್ಗಿ ಜಾಗ ಮಾಡಿಕೊಡುತ್ತಿದ್ದ ಮೇಲ್ಭಾಗವೇ ಈಗ ಇಲ್ಲ. ಆ ಕಿರಿದಾದ ದಾರಿಗೆ ಅಗಿಯದ, ಜಿಗುಟಾದ ತುತ್ತು ಇಡಿಯಾಗಿ ಬಂದು ಬಿದ್ದರೆ ಅದು ನಿಲ್ಲುತ್ತದೆ. ನಿಂತದ್ದನ್ನು ಕೆಳಗಿಳಿಸಲು ಜೊಲ್ಲು ಸುರಿಯುತ್ತದೆ. ನೀವು ಹೇಳಿದ ನೊರೆ ಅದೇ. ಮೆತ್ತಗಿನ ಅನ್ನ, ಬ್ರೆಡ್ಡು, ಒಣಗಿದ ಕೋಳಿ ತುಂಡುಗಳಿಗೂ ಹಲವರಿಗೆ ಹೀಗೆಯೇ ಆಗುತ್ತದೆ.

ಹಾಗೆಂದು ರಾಗಿಯನ್ನೇ ಬಿಡಬೇಕಿಲ್ಲ. ಮುದ್ದೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಅಗಿಯಲು ಬರುವ ರೂಪದಲ್ಲಿ ರಾಗಿ ತಿನ್ನಿ. ತೆಳ್ಳಗೆ ತಟ್ಟಿ ಗರಿಯಾಗಿ ಬೇಯಿಸಿದ ರಾಗಿ ರೊಟ್ಟಿಯ ಒಂದು ಚೂರನ್ನು ಬಾಯಲ್ಲೇ ನುಣ್ಣಗಾಗುವಷ್ಟು ಅಗಿದು ತಿಂದರೆ ಅದು ಸಲೀಸಾಗಿ ಇಳಿಯುತ್ತದೆ. ನಾನು ರಾಗಿ ದೋಸೆಯ ಹಿಟ್ಟಿಗೆ ಮೊಟ್ಟೆ ಒಡೆದು ಹಾಕುತ್ತಿದ್ದೆ. ಅಂಬಲಿಯ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಅನುಮಾನ. ಕುಡಿಯಲು ಸುಲಭ, ಆದರೆ ಇರುವ ಅಲ್ಪ ಜಾಗವನ್ನು ಗಂಜಿಯಿಂದ ತುಂಬಿಸಿಬಿಟ್ಟರೆ ಕಾಳು, ಮೊಟ್ಟೆಗಳಿಗೆ ಎಲ್ಲಿದೆ ಜಾಗ? ತಟ್ಟೆಯ ಮುಂದೆ ಕೂತಾಗ ಮೊದಲು ಪ್ರೋಟೀನ್ ಇರುವುದನ್ನು ತಿನ್ನಬೇಕು, ಆಮೇಲೆ ತರಕಾರಿ, ಹೊಟ್ಟೆ ಒಪ್ಪಿದರೆ ಕೊನೆಯಲ್ಲಿ ರೊಟ್ಟಿಯೋ ಅನ್ನವೋ. ಮುದ್ದೆ ಮೊದಲು, ಸಾರು ನೆಂಚಿಕೊಳ್ಳಲು ಎಂಬ ನಮ್ಮ ಲೆಕ್ಕ ಇಲ್ಲಿ ತಿರುವುಮುರುವು. ಆರು ತಿಂಗಳ ನಂತರ, ವೈದ್ಯರು ಒಪ್ಪಿದರೆ, ಸ್ವಲ್ಪ ಸಡಿಲವಾಗಿ ಮಾಡಿದ ಮುದ್ದೆಯಲ್ಲಿ ನಿಂಬೆಹಣ್ಣಿನ ಗಾತ್ರದಷ್ಟನ್ನು ಚಿಟಿಕೆ ಚಿಟಿಕೆಯಾಗಿ ಮುರಿದು, ಅಗಿದು ನೋಡಿ. ನಾನು ಈಗಲೂ ಹಾಗೆಯೇ ತಿನ್ನುತ್ತೇನೆ. ನಮ್ಮ ಅಣ್ಣ ‘ಮುದ್ದೆಯನ್ನು ಅಗಿಯುವವಳು ಯಾವ ಸೀಮೆಯವಳು’ ಎಂದು ಈಗಲೂ ಛೇಡಿಸುತ್ತಾನೆ.

ಊಟದ ನಡುವೆ ನೀರು, ಮಜ್ಜಿಗೆ ಕುಡಿಯಬೇಡಿ. ಊಟ ಮುಗಿದ ಮೇಲೆ ಅರ್ಧ ಗಂಟೆ ಬಿಟ್ಟು, ದಿನವಿಡೀ ಗುಟುಕು ಗುಟುಕಾಗಿ ಒಂದೂವರೆ ಲೀಟರಾದರೂ ನೀರು ಹೊಟ್ಟೆಗೆ ಸೇರಬೇಕು. ಮಂಡ್ಯದವರಾದ್ದರಿಂದ ಇನ್ನೊಂದು ಮಾತು: ಕಬ್ಬಿನ ಹಾಲು ಮುಟ್ಟಬೇಡಿ. ನನ್ನಂಥ ಬೈಪಾಸಿನವರಿಗೆ ಅಂಥ ಸಿಹಿ ನೇರವಾಗಿ ಸಣ್ಣ ಕರುಳಿಗೆ ಇಳಿದು, ಅರ್ಧ ಗಂಟೆಯೊಳಗೆ ಎದೆ ಹೊಡೆದುಕೊಂಡು, ಬೆವರಿ, ಹೊಟ್ಟೆ ನುಲಿದು ಮಲಗಿಸಿಬಿಡುತ್ತದೆ. ಸ್ಲೀವ್ ಆದವರಲ್ಲಿ ಇದು ಕಡಿಮೆಯಾದರೂ ಇಲ್ಲವೆನ್ನುವಂತಿಲ್ಲ.

ಬೀಗರೂಟದಲ್ಲಿ ಶಸ್ತ್ರಚಿಕಿತ್ಸೆಯ ಸುದ್ದಿ ಎತ್ತಲೇಬೇಡಿ. ‘ಗ್ಯಾಸ್ಟ್ರಿಕ್ ಇದೆ, ಡಾಕ್ಟರು ಪಥ್ಯ ಹೇಳಿದ್ದಾರೆ’ ಎಂದರೆ ಮುಗಿಯಿತು. ನಮ್ಮ ಜನ ಗ್ಯಾಸ್ಟ್ರಿಕ್ಕಿಗೆ ಕೊಡುವಷ್ಟು ಮರ್ಯಾದೆಯನ್ನು ಬೇರೆ ಯಾವ ಕಾಯಿಲೆಗೂ ಕೊಡುವುದಿಲ್ಲ.

ಪಥ್ಯ ವಿಭಾಗ

ನಾನು ಮೈಸೂರಿನಲ್ಲಿ ಡಯಟೀಷಿಯನ್ ಆಗಿ ಕೆಲಸ ಮಾಡುತ್ತೇನೆ. ಮುದ್ದೆಯ ಬಗ್ಗೆ ಮೇಲಿನ ಅಕ್ಕ ಬರೆದಿರುವುದಕ್ಕೆ ಸೇರಿಸಬೇಕಾದದ್ದು ಹೆಚ್ಚಿಲ್ಲ. ಆದರೆ ನಿಮ್ಮ ಎರಡನೆಯ ಪ್ರಶ್ನೆ ನನಗೆ ಮೊದಲನೆಯದಕ್ಕಿಂತ ಗಂಭೀರವಾಗಿ ಕಾಣುತ್ತಿದೆ. ಅದರಲ್ಲಿಯೂ ಗ್ಲೂಕೋಸ್ ಬಾಟಲಿನ ಮಾತು ಓದಿ ತಕ್ಷಣ ಬರೆಯಬೇಕೆನ್ನಿಸಿತು.

ಥಯಾಮಿನ್, ಅಂದರೆ ಬಿ1 ವಿಟಮಿನ್, ನಮ್ಮ ದೇಹದಲ್ಲಿ ಕೆಲವು ವಾರಗಳಿಗಾಗುವಷ್ಟು ಮಾತ್ರ ಸಂಗ್ರಹವಿರುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ಊಟ ಕಡಿಮೆಯಾಗಿ, ಅದರ ಮೇಲೆ ಪದೇ ಪದೇ ವಾಂತಿಯೂ ಆಗುತ್ತಿದ್ದರೆ ಅದು ಬೇಗ ಬರಿದಾಗುತ್ತದೆ. ಗ್ಲೂಕೋಸನ್ನು ಬಳಸಿಕೊಳ್ಳಲು ದೇಹಕ್ಕೆ ಈ ಥಯಾಮಿನ್ನೇ ಬೇಕು. ಕೊರತೆಯಿರುವವರಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಅಲ್ಪಸ್ವಲ್ಪವೂ ಖರ್ಚಾಗಿ, ಮೆದುಳಿಗೆ ಮತ್ತು ನರಗಳಿಗೆ ಶಾಶ್ವತ ಹಾನಿಯಾಗುವ ಅಪಾಯವಿದೆ. ಆದ್ದರಿಂದ ಸುಸ್ತಿಗೆಂದು ಊರಿನ ಕ್ಲಿನಿಕ್ಕಿನಲ್ಲಿ ಬಾಟಲ್ ಹಾಕಿಸಿಕೊಳ್ಳಬೇಡಿ. ಡ್ರಿಪ್ ಹಾಕಲೇಬೇಕಾದ ಪರಿಸ್ಥಿತಿ ಬಂದರೆ, ತೂಕದ ಶಸ್ತ್ರಚಿಕಿತ್ಸೆಯಾಗಿದೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಥಯಾಮಿನ್ ಕೊಟ್ಟು ಮುಂದುವರಿಯುವಂತೆ ಕೇಳಿಕೊಳ್ಳಿ. ವಾಂತಿ ನಿಲ್ಲದಿದ್ದರೆ, ನಡೆಯುವಾಗ ತೂರಾಡಿದಂತಾದರೆ, ಒಂದು ವಸ್ತು ಎರಡಾಗಿ ಕಂಡರೆ, ಮಾತಿನಲ್ಲಿ ಗೊಂದಲ ಕಾಣಿಸಿದರೆ, ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಶಸ್ತ್ರಚಿಕಿತ್ಸೆಯ ವಿವರವಿರುವ ಒಂದು ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಎದ್ದಾಗ ಕಣ್ಣು ಕತ್ತಲೆ ಬರುವುದಕ್ಕೆ ಬೇರೆ ಕಾರಣಗಳೂ ಇರಬಹುದು. ನೀರು ಸಾಲದಿರುವುದು ಒಂದು. ಇನ್ನೊಂದು, 128 ಕೆ.ಜಿ. ಇದ್ದಾಗ ಬರೆದುಕೊಟ್ಟ ಬಿಪಿ ಮಾತ್ರೆಯ ಪ್ರಮಾಣವನ್ನೇ ಈಗಲೂ ನುಂಗುತ್ತಿದ್ದರೆ, ತೂಕ ಇಳಿದ ದೇಹಕ್ಕೆ ಅದು ಹೆಚ್ಚಾಗಿ ಬಿಪಿ ಕುಸಿಯುತ್ತದೆ. ಸಕ್ಕರೆಯ ಮಾತ್ರೆಗೂ ಇದೇ ನ್ಯಾಯ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ಊಟ ಇಷ್ಟು ಕಡಿಮೆಯಾದಾಗ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮಧ್ಯಾಹ್ನದ ಆ ಸುಸ್ತಿನ ಹೊತ್ತಿನಲ್ಲಿಯೇ ಗ್ಲುಕೋಮೀಟರಿನಲ್ಲಿ ಪರೀಕ್ಷಿಸಿ ಬರೆದಿಟ್ಟುಕೊಂಡು, ಮನೆಯಲ್ಲಿ ನೋಡಿದ ಬಿಪಿ ಅಂಕಿಗಳ ಜೊತೆಗೆ ಈ ವಾರವೇ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬೇಡಿ.

ಕೂದಲಿನ ಬಗ್ಗೆ ಅಷ್ಟು ಹೆದರಬೇಕಿಲ್ಲ. ತೂಕ ವೇಗವಾಗಿ ಇಳಿದಾಗ, ಮೂರನೆಯ ತಿಂಗಳಿನಿಂದ ಕೆಲವು ತಿಂಗಳ ಕಾಲ ಕೂದಲು ಉದುರುವುದು ಸಾಮಾನ್ಯ. ಬೇರು ಸಾಯುವುದಿಲ್ಲವಾದ್ದರಿಂದ ಮತ್ತೆ ಬರುತ್ತದೆ. ಆದರೆ ಪ್ರೋಟೀನ್, ಕಬ್ಬಿಣ, ಸತು ಕಡಿಮೆಯಿದ್ದರೆ ಉದುರುವುದು ನಿಲ್ಲುವುದಿಲ್ಲ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ, 100 ಗ್ರಾಂ ಪನೀರಿನಲ್ಲಿ 18 ಗ್ರಾಂ ಆಸುಪಾಸು. ನಿಮ್ಮ ತಾಯಿಯವರು ಬೆಟ್ಟ ಕೀಳಿಸುವ 100 ಗ್ರಾಂ ರಾಗಿ ಹಿಟ್ಟಿನಲ್ಲಿ 7 ಗ್ರಾಂ ಮಾತ್ರ. ರಾಗಿಯ ಹಿರಿಮೆ ಅದರ ಸುಣ್ಣದ ಅಂಶದಲ್ಲಿದೆ, 100 ಗ್ರಾಮಿಗೆ 350 ಮಿಲಿಗ್ರಾಂ ಹತ್ತಿರ. ಆ ಗೌರವ ಅದಕ್ಕೆ ಇರಲಿ, ಆದರೆ ಮಾಂಸಖಂಡ ಉಳಿಸುವ ಕೆಲಸವನ್ನು ಅದರ ಮೇಲೆ ಹೊರಿಸಬಾರದು. ನಮ್ಮಲ್ಲಿ ಬಾಣಂತಿಯಿಂದ ಹಿಡಿದು ಮೂಳೆ ಮುರಿದವರವರೆಗೆ ಎಲ್ಲರಿಗೂ ಕೊಡುವ ಕಾಲು ಸೂಪಿನ ಬಗ್ಗೆಯೂ ಇದೇ ಮಾತು. ಕುಡಿಯಲು ಹಿತವಾಗಿರುತ್ತದೆ, ಆದರೆ ಅದರಲ್ಲಿರುವುದು ಮುಖ್ಯವಾಗಿ ಕೊಲಾಜೆನ್. ಅದು ಪರಿಪೂರ್ಣ ಪ್ರೋಟೀನ್ ಅಲ್ಲ. ಮೊಳಕೆ ಬರಿಸಿದ ಹುರುಳಿಯನ್ನು ನುಣ್ಣಗೆ ಬೇಯಿಸಿ ಮಸೆದದ್ದು, ಮೆತ್ತಗಿನ ಮೀನು, ಗಟ್ಟಿ ಮೊಸರು, ವೈದ್ಯರು ಹೇಳಿದ ಪ್ರೋಟೀನ್ ಪುಡಿ ಇವುಗಳಿಂದ ಲೆಕ್ಕ ತುಂಬಿಸಿ.

ವಿಟಮಿನ್ ಮಾತ್ರೆಗಳು ಜೀವನಪೂರ್ತಿ ಬೇಕು. ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಏಕೆಂದರೆ ಬಿಟ್ಟ ತಕ್ಷಣ ಏನೂ ಆಗುವುದಿಲ್ಲ. ಬಿ12 ಹೀರಿಕೆಗೆ ಬೇಕಾದ ಅಂಶವನ್ನು ಹೊಟ್ಟೆಯ ಒಳಪದರವೇ ತಯಾರಿಸುತ್ತಿತ್ತು. ಆ ಪದರದ ಬಹುಪಾಲು ಈಗಿಲ್ಲ. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದಾದರೆ ಒಳ್ಳೆಯದು. ಅದನ್ನು ಕಬ್ಬಿಣದ ಮಾತ್ರೆಯ ಜೊತೆಗೆ ನುಂಗದೆ ಎರಡು ಗಂಟೆಯ ಅಂತರ ಕೊಡಿ. ಕಬ್ಬಿಣದ ಮಾತ್ರೆಯ ಹಿಂದೆಯೇ ಕಾಫಿ ಕುಡಿಯುವ ಮೈಸೂರಿನ ಅಭ್ಯಾಸವೂ ಬೇಡ. ಮೂರು ತಿಂಗಳಾಗಿರುವುದರಿಂದ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ), ಬಿ12, ವಿಟಮಿನ್ ಡಿ, ಅಲ್ಬುಮಿನ್ (ರಕ್ತದ ಪ್ರೋಟೀನ್) ಪರೀಕ್ಷೆಗಳ ಸಮಯವೂ ಬಂದಿದೆ. ಬಲ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಅಲಕ್ಷಿಸಬೇಡಿ. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದುಂಟು.

ಪಾಂಡವಪುರದ ಸೊಸೆ

ನನ್ನ ಯಜಮಾನರಿಗೆ ಸ್ಲೀವ್ ಆಗಿ ಎರಡು ವರ್ಷ ದಾಟಿದೆ. ಮನೆಯಲ್ಲಿ ಅಡುಗೆ ಮಾಡುವವಳ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ.

ಗ್ಯಾಸ್ಟ್ರಿಕ್ ಎಂದು ಹೇಳಿ ಪಾರಾಗಿ ಎಂಬ ಅಕ್ಕನ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಾವೂ ಮೊದಲು ಹಾಗೆಯೇ ಹೇಳುತ್ತಿದ್ದೆವು. ಗ್ಯಾಸ್ಟ್ರಿಕ್ ಎಂದ ಕೂಡಲೇ ಒಬ್ಬರು ಜೀರಿಗೆ ಕಷಾಯ ತಂದರು, ಇನ್ನೊಬ್ಬರು ‘ಖಾಲಿ ಹೊಟ್ಟೆಯಲ್ಲಿದ್ದರೇ ಗ್ಯಾಸ್ಟ್ರಿಕ್ ಜಾಸ್ತಿ, ಚೆನ್ನಾಗಿ ಉಣ್ಣಿ’ ಎಂದು ಮತ್ತೊಂದು ಸೌಟು ಬಡಿಸಿದರು. ಇಪ್ಪತ್ತು ಮೂವತ್ತು ಕೆ.ಜಿ. ಇಳಿದವರನ್ನು ಕಂಡು ಜನ ಇನ್ನೂ ಕೆಟ್ಟ ಕಾಯಿಲೆಗಳನ್ನು ಊಹಿಸಿಕೊಳ್ಳುತ್ತಾರೆ. ನಮ್ಮ ಯಜಮಾನರಿಗೆ ಏನೋ ದೊಡ್ಡ ರೋಗ ಬಂದಿದೆಯೆಂದು ಊರಿನಲ್ಲಿ ಸುದ್ದಿಯಾಗಿ, ನಾದಿನಿಯ ಮಾವನವರು ನೋಡಿಕೊಂಡು ಹೋಗಲು ಹಣ್ಣು ಹಿಡಿದು ಬಂದರು. ‘ಸಕ್ಕರೆ ಕಾಯಿಲೆಗೆ ಹೊಟ್ಟೆಯ ಆಪರೇಷನ್ ಆಗಿದೆ, ಒಂದು ಹಿಡಿಗಿಂತ ಹೆಚ್ಚು ತಿನ್ನುವಂತಿಲ್ಲ’ ಎಂದು ನಿಮ್ಮ ಅಕ್ಕನ ಮೂಲಕ ಬೀಗರ ಮನೆಯ ಹಿರಿಯರೊಬ್ಬರಿಗೆ ಮೊದಲೇ ತಿಳಿಸಿಬಿಡಿ. ಬೀಗರ ಮುಂದೆ ನೀವು ವಿವರಣೆ ಕೊಡುತ್ತಾ ಕೂರುವುದು ತಪ್ಪುತ್ತದೆ, ಬಡಿಸುವವರನ್ನು ಅವರೇ ತಡೆಯುತ್ತಾರೆ.

ಎಲೆಯಲ್ಲಿ ಏನು ತಿನ್ನಬಹುದು ಎಂದರೆ, ಕೈಮಾ ಉಂಡೆ ಇದ್ದರೆ ಅರ್ಧ ಉಂಡೆ, ಇಲ್ಲವೇ ಬೇಯಿಸಿದ ಮೊಟ್ಟೆ. ಮಟನ್ ತುಂಡು ನಾರುನಾರಾಗಿರುತ್ತದೆ, ಎಷ್ಟು ಅಗಿದರೂ ಉಂಡೆಯಾಗಿಯೇ ಉಳಿಯುತ್ತದೆ, ಬೋಟಿಯನ್ನಂತೂ ಮರೆತುಬಿಡಿ. ಮನೆಯಿಂದ ಹೊರಡುವ ಮುಂಚೆ ಒಂದು ಲೋಟ ಪ್ರೋಟೀನ್ ಹಾಲು ಕುಡಿದಿದ್ದರೆ ಹಸಿವಿನ ಆತುರಕ್ಕೆ ಬೇಗ ಬೇಗ ನುಂಗುವುದೂ ತಪ್ಪುತ್ತದೆ. ಮದುವೆ ಮನೆಯ ಹಿಂಭಾಗದಲ್ಲಿ ಗಂಡಸರ ‘ಪಾರ್ಟಿ’ ಇದ್ದೇ ಇರುತ್ತದೆ. ಅತ್ತ ತಲೆ ಹಾಕಲೇಬೇಡಿ. ಈ ಆಪರೇಷನ್ ಆದವರಿಗೆ ಅಲ್ಪ ಕುಡಿದರೂ ಅಮಲು ಬೇಗ, ಜೋರಾಗಿ ಏರುತ್ತದೆಂದು ನಮಗೆ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು.

ನಿಮ್ಮ ತಾಯಿಯವರನ್ನು ಮುಂದಿನ ಸಲ ಡಯಟೀಷಿಯನ್ ಬಳಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ನಮ್ಮತ್ತೆಗೆ ನಾನು ನೂರು ಸಲ ಹೇಳಿದರೂ ಹಿಡಿಸದ ಮಾತು, ಅಲ್ಲಿ ಒಮ್ಮೆ ಕೇಳಿದ್ದಕ್ಕೆ ಹಿಡಿಸಿತು. ಈಗ ಅವರೇ ಮಗನಿಗೆಂದು ಹುರುಳಿಕಾಳು ಮೊಳಕೆ ಕಟ್ಟುತ್ತಾರೆ.

ಇನ್ನೊಂದು ಎಚ್ಚರಿಕೆ. ಒಂದು ವರ್ಷ ಕಳೆದ ಮೇಲೆ ಹಸಿವು ಸ್ವಲ್ಪ ಮರಳುತ್ತದೆ. ನಮ್ಮವರಿಗೆ ಊಟ ಹಿಡಿಸದಿದ್ದರೂ ಖಾರಾಬೂಂದಿ, ಚಿಪ್ಸು, ಬಿಸ್ಕತ್ತು ಅದ್ದಿದ ಟೀ ಸರಾಗವಾಗಿ ಇಳಿಯುತ್ತಿದ್ದವು, ಹೊಟ್ಟೆ ತುಂಬಿದ್ದೇ ತಿಳಿಯುತ್ತಿರಲಿಲ್ಲ. ತೂಕ ಮತ್ತೆ ಏರತೊಡಗಿದ್ದು ಅಲ್ಲಿಂದಲೇ. ಮದ್ದೂರು ಸ್ಟೇಷನ್ನಿನಲ್ಲಿ ವಡೆ ಕೊಳ್ಳುವ ಚಟವನ್ನು ಬಿಡಿಸಲು ನನಗೆ ಸಾಕುಸಾಕಾಯಿತು.

ಮಂಡ್ಯದ ಲೆಕ್ಕಿಗ

ಮೂವರಿಗೂ ತುಂಬ ಧನ್ಯವಾದಗಳು. ಗ್ಲೂಕೋಸಿನ ವಿಚಾರ ನನಗೆ ಯಾರೂ ಹೇಳಿರಲಿಲ್ಲ. ನಿನ್ನೆ ಮಧ್ಯಾಹ್ನ ಸುಸ್ತಾದಾಗ ನೋಡಿದರೆ ಸಕ್ಕರೆ 64 ಇತ್ತು, ಬಿಪಿಯೂ 100ರ ಆಸುಪಾಸು. ವೈದ್ಯರಿಗೆ ಫೋನಿನಲ್ಲಿ ತಿಳಿಸಿದೆ. ಅವರು ಸಕ್ಕರೆಯ ಒಂದು ಮಾತ್ರೆಯನ್ನು ಕೂಡಲೇ ನಿಲ್ಲಿಸಲು ಹೇಳಿ, ರಕ್ತ ಪರೀಕ್ಷೆಗಳೊಂದಿಗೆ ನಾಡಿದ್ದು ಬರಲು ತಿಳಿಸಿದ್ದಾರೆ. ಅಮ್ಮನೂ ಬರುತ್ತೇನೆಂದಿದ್ದಾರೆ. ಬೀಗರಿಗೆ ಅಕ್ಕನ ಕಡೆಯಿಂದ ಹೇಳಿಸುವುದೇ ಸರಿ ಎಂದು ನನಗೂ ಅನ್ನಿಸಿತು.

ಒಂದು ಸಣ್ಣ ಪ್ರಶ್ನೆ ಉಳಿಯಿತು. ತೂಕ ಇಳಿದರೂ ಮೊಣಕಾಲು ನೋವು ಪೂರ್ತಿ ಹೋಗಿಲ್ಲ. ಮೊದಲಿನಂತೆ ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ತೆಗೆದುಕೊಳ್ಳಬಹುದೇ? ವ್ಯಾಯಾಮಕ್ಕೆಂದು ವಾರಕ್ಕೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಆಸೆಯೂ ಇದೆ.

ಪಥ್ಯ ವಿಭಾಗ

ಮಾತ್ರೆ ನಿಲ್ಲಿಸುವಂತೆ ವೈದ್ಯರೇ ಹೇಳಿದ್ದು ಒಳ್ಳೆಯದಾಯಿತು. ಸಕ್ಕರೆ ಮತ್ತೆ 70ಕ್ಕಿಂತ ಕೆಳಗಿಳಿದರೆ ಕಾಯಬೇಡಿ, ಆಗ ಮಾತ್ರ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, ಕಾಲು ಗಂಟೆಯ ನಂತರ ಮತ್ತೆ ಪರೀಕ್ಷಿಸಿ.

ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ಕೇಳಿ ತರಬೇಡಿ. ಬೈಪಾಸ್ ಆದವರಿಗೆ ಅವು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ, ಆದ್ದರಿಂದ ಅವರಿಗೆ ನಿಷಿದ್ಧ ಎನ್ನಬಹುದು. ಸ್ಲೀವ್ ಆದವರೂ ವೈದ್ಯರನ್ನು ಕೇಳದೆ ನುಂಗಬಾರದು. ಪ್ಯಾರಸಿಟಮಾಲ್ ಸಾಮಾನ್ಯವಾಗಿ ನಡೆಯುತ್ತದೆ. ನಾಡಿದ್ದು ಹೋದಾಗ ಪ್ರಮಾಣವನ್ನು ಕೇಳಿಕೊಳ್ಳಿ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಸದ್ಯಕ್ಕೆ ಬೇಡ. ಸಕ್ಕರೆ, ಬಿಪಿ ಎರಡೂ ಇಳಿಯುತ್ತಿರುವಾಗ ನಡುದಾರಿಯಲ್ಲಿ ತಲೆ ಸುತ್ತಿದರೆ ಕಷ್ಟ, ನೋಯುವ ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಭಾರ. ಸಮತಟ್ಟಾದ ಕಡೆ ನಡೆಯಿರಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ಅಭ್ಯಾಸವನ್ನು ಬೆಳಿಗ್ಗೆ ಸಂಜೆ ಮಾಡಿ. ತೊಡೆಯ ಮಾಂಸಖಂಡ ಗಟ್ಟಿಯಾದರೆ ಮೊಣಕಾಲಿಗೆ ಆಸರೆ ಸಿಗುತ್ತದೆ. ರಕ್ತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮೆಟ್ಟಿಲಿನ ಮಾತನ್ನು ವೈದ್ಯರ ಬಳಿ ಎತ್ತಿ.